ಪಶ್ಚಾತ್ತಾಪ, ಮಾನಸಾಂತರ

ಕನ್ನಡ ಕ್ರೈಸ್ತರ ನುಡಿಯಲ್ಲಿ ಎರಡು ಶಬ್ದಗಳು ಅಕ್ಕಪಕ್ಕದಲ್ಲಿ ಬಳಕೆಯಲ್ಲಿವೆ. ಒಂದು ಪಶ್ಚಾತ್ತಾಪ, ಇನ್ನೊಂದು ಮಾನಸಾಂತರ. ಮೊದಲನೆಯದು ಮಾಡಿದ ತಪ್ಪಿಗೆ ಅನಂತರ ಹುಟ್ಟುವ ಉರಿ. ಎರಡನೆಯದು ಮನಸ್ಸೇ ಬೇರೆಯಾಗುವುದು. ಇವುಗಳ ಭೇದ ಸಣ್ಣದೆಂದು ತೋರಬಹುದು. ಆದರೆ ಯೂರೋಪಿನ ಧರ್ಮಚರಿತ್ರೆಯನ್ನು ಓದುವಾಗಲೆಲ್ಲ, ಅಲ್ಲಿನ ದೊಡ್ಡದೊಂದು ಬಿರುಗಾಳಿ ಈ ಭೇದವನ್ನು ಕುರಿತೇ ಎದ್ದಿತೆಂದು ನನಗೆ ಅನಿಸುತ್ತದೆ.

ಯೇಸುವಿನ ಉಪದೇಶ ಮೊದಲಾಗುವುದೇ ಈ ಕರೆಯಿಂದ. ಸುವಾರ್ತೆಗಳ ಗ್ರೀಕ್ ಮೂಲದಲ್ಲಿ ಇದಕ್ಕಿರುವ ಮಾತು ‘ಮೆಟನೋಯ’. ಬಗೆ ಬದಲಾಗುವುದೆಂದು ಅದರ ಅರ್ಥ. ಲ್ಯಾಟಿನ್ ಬೈಬಲಿನಲ್ಲಿ ಅದು ‘ಪೆನಿಟೆಂಷಿಯ’ ಆಯಿತು. ಆ ಶಬ್ದಕ್ಕೆ ಪರಿತಾಪವೆಂದೂ ಅರ್ಥ, ಪ್ರಾಯಶ್ಚಿತ್ತವೆಂದೂ ಅರ್ಥ. ಹೀಗಾಗಿ ಮನಸ್ಸು ತಿರುಗಲೆಂಬ ಕರೆ, ಪ್ರಾಯಶ್ಚಿತ್ತ ಮಾಡಿ ಮುಗಿಸಿರೆಂಬ ವಿಧಿಯಾಗಿ ಕೇಳಿಸತೊಡಗಿತು.

ಪ್ರಾಯಶ್ಚಿತ್ತವೇನೂ ಮೊದಲು ಸುಲಭವಾಗಿರಲಿಲ್ಲ. ಘೋರಪಾಪ ಮಾಡಿದವನು ಸಭೆಯೆದುರು ನಿಲ್ಲಬೇಕಾಗಿತ್ತು. ಆ ಅವಕಾಶವೂ ಬಾಳಿಗೊಮ್ಮೆ ಮಾತ್ರ. 390ರಲ್ಲಿ ಥೆಸಲೋನಿಕದ ಜನರನ್ನು ಕೊಲ್ಲಿಸಿದ ಚಕ್ರವರ್ತಿ ಥಿಯೊಡೋಸಿಯಸನನ್ನೂ ಮಿಲಾನಿನ ಬಿಷಪ್ ಆಂಬ್ರೋಸ್ ಬಿಡಲಿಲ್ಲ. ಅವನು ರಾಜಚಿಹ್ನೆಗಳನ್ನು ಕಳಚಿಟ್ಟು ಎಲ್ಲರೆದುರು ಅತ್ತನು. ಮುಂದೆ ಐರ್ಲೆಂಡಿನ ಸಂನ್ಯಾಸಿಗಳು ಗುಟ್ಟಾಗಿ, ಮತ್ತೆ ಮತ್ತೆ ಪಾಪನಿವೇದನೆ ಮಾಡುವ ಪದ್ಧತಿಯನ್ನು ಹಬ್ಬಿಸಿದರು. ಬಿದ್ದವನು ಎಷ್ಟು ಸಲವಾದರೂ ಏಳಬಹುದಾಯಿತು. ಇದು ಕರುಣೆಯೇ ಸರಿ. ಆದರೆ ಈ ಪಾಪಕ್ಕೆ ರೊಟ್ಟಿ ನೀರಿನ ಮೇಲೆ ಇಷ್ಟು ದಿನದ ಉಪವಾಸವೆಂಬ ಪಟ್ಟಿಗಳೂ ಅದರೊಡನೆ ಬಂದವು. ಪಟ್ಟಿಯ ಹಿಂದೆ ಲೆಕ್ಕ ಬಂತು. ಉಪವಾಸದ ಬದಲಿಗೆ ಹಣ ಕೊಡುವುದೂ ನಡೆಯಿತು. 1215ರ ಲ್ಯಾಟೆರನ್ ಮಹಾಸಭೆ ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಕಡ್ಡಾಯವೆಂದು ವಿಧಿಸಿತು.

1517ರಲ್ಲಿ ಜರ್ಮನಿಯ ಊರುಗಳಲ್ಲಿ ಟೆಟ್ಜೆಲ್ ಎಂಬ ಪಾದ್ರಿ ಕ್ಷಮಾಪತ್ರಗಳನ್ನು ಮಾರುತ್ತಿದ್ದನು. ಹಣದ ಒಂದು ಪಾಲು ರೋಮಿನ ಸಂತ ಪೀಟರನ ದೇವಾಲಯದ ಕಟ್ಟಡಕ್ಕೆ. ಪತ್ರವಿದ್ದರೂ ಪರಿತಾಪ ಬೇಕೆಂಬುದೇ ಸಭೆಯ ಸಿದ್ಧಾಂತ. ಸಂತೆಯ ಜನಕ್ಕೆ ಅದು ಕೇಳಿಸಲಿಲ್ಲ. ಅದೇ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರ್ 95 ವಾದಸೂತ್ರಗಳನ್ನು ಹೊರಡಿಸಿದನು. ಭಕ್ತನ ಬಾಳೆಲ್ಲವೂ ಪಶ್ಚಾತ್ತಾಪವಾಗಿರಬೇಕೆಂಬುದೇ ಮೊದಲನೆಯ ಸೂತ್ರದ ತಾತ್ಪರ್ಯ. ಹೊರಗಿನ ನಡತೆಯಲ್ಲಿ ಕಾಣದ ಒಳಗಿನ ಪರಿತಾಪ ಬರಿದೆಂದೂ ಅವನು ಹೇಳಿದನು. ಪತ್ರ ಕೊಳ್ಳುವುದಕ್ಕಿಂತ ಬಡವನಿಗೆ ಕೊಡುವುದು ಮೇಲು; ಹೆಚ್ಚಿನ ಹಣವಿಲ್ಲದವನು ಇದ್ದುದನ್ನು ಮನೆಯ ಖರ್ಚಿಗೆ ಇಟ್ಟುಕೊಳ್ಳಲಿ ಎಂದನು. ಮಹಾವಾದವೊಂದು ಹೀಗೆ ಅಡಿಗೆಮನೆಯ ವರೆಗೂ ಬಂದುದನ್ನು ನಾವು ಗಮನಿಸಬೇಕು.

ಇದಕ್ಕೆ ಒಂದು ವರ್ಷ ಮುಂಚೆ, 1516ರಲ್ಲಿ, ಇರಾಸ್ಮಸನು ಗ್ರೀಕ್ ಹೊಸ ಒಡಂಬಡಿಕೆಯನ್ನು ಬಾಸೆಲ್ ನಗರದಲ್ಲಿ ಅಚ್ಚು ಹಾಕಿಸಿದ್ದನು. ‘ಮೆಟನೋಯ’ದ ನಿಜವಾದ ಅರ್ಥವನ್ನು ಅರಿತಾಗ ತನಗಾದ ಸಂತೋಷವನ್ನು ಲೂಥರ್ 1518ರಲ್ಲಿ ತನ್ನ ಹಿರಿಯ ಸ್ಟೌಪಿಟ್ಸನಿಗೆ ಬರೆದನು. ಕ್ಯಾಥೊಲಿಕ್ ಸಭೆಯೂ ಸುಮ್ಮನಿರಲಿಲ್ಲ: ಹಣಕ್ಕೆ ಕಟ್ಟುಬಿದ್ದ ಕ್ಷಮಾಪತ್ರಗಳನ್ನು ಐದನೆಯ ಪಯಸ್ ಪೋಪನು 1567ರಲ್ಲಿ ರದ್ದುಮಾಡಿದನು.

ಆ ಬಾಸೆಲಿನಿಂದಲೇ 1834ರಲ್ಲಿ ಮಿಷನರಿಗಳು ಮಂಗಳೂರಿಗೆ ಬಂದಿಳಿದರು. ಗ್ರೀಕ್ ಮೂಲದ ಅರ್ಥವನ್ನು ‘ಮಾನಸಾಂತರ’ ಇಂದಿಗೂ ಕನ್ನಡದಲ್ಲಿ ಹೇಳುತ್ತಿದೆ. ಆದರೂ ಹಳೆಯ ‘ಪಶ್ಚಾತ್ತಾಪ’ವನ್ನು ನಮ್ಮವರು ಬಿಡದಿದ್ದುದು ಒಳ್ಳೆಯದೇ ಆಯಿತು. ಉರಿಯಿಲ್ಲದೆ ಮನಸ್ಸು ತಿರುಗುವುದು ಅಪರೂಪ. ಬರಿಯ ಉರಿ ಮಾತ್ರ ಇದ್ದರೆ, ವರ್ಷಕ್ಕೊಂದು ದಿನ ಅತ್ತು ಮರುದಿನ ಅದೇ ಕಳ್ಳ ತಕ್ಕಡಿ ಹಿಡಿಯುವುದಕ್ಕೆ ಯಾವ ಅಡ್ಡಿಯೂ ಇರುವುದಿಲ್ಲ.