ರಸಾರೋಹಣ: ಅಧ್ಯಯನದ ಇತಿಹಾಸ

ಬೇರು ಹೀರಿದ ನೀರು ಕಾಂಡದ ಕ್ಸೈಲಂ ಊತಕದ ಮೂಲಕ ಎಲೆಗಳಿಗೆ ಏರುವ ಕ್ರಿಯೆಗೆ ರಸಾರೋಹಣ ಎಂದು ಹೆಸರು. ವಾಯುಭಾರವನ್ನು ನಂಬಿದ ಹೀರುಪಂಪು ನೀರನ್ನು ಸುಮಾರು 10 ಮೀಟರಿಗಿಂತ ಮೇಲಕ್ಕೆ ಎತ್ತಲಾರದು. ಕ್ಯಾಲಿಫೋರ್ನಿಯದ ರೆಡ್‌ವುಡ್ ಮರಗಳಾದರೋ 110 ಮೀಟರನ್ನೂ ದಾಟಿ ಬೆಳೆಯುತ್ತವೆ. ಅಷ್ಟು ಎತ್ತರಕ್ಕೆ ನೀರು ಹೋಗುವುದು ಹೇಗೆಂಬ ಪ್ರಶ್ನೆ ವಿಜ್ಞಾನಿಗಳನ್ನು ಎರಡು ಶತಮಾನಕ್ಕೂ ಹೆಚ್ಚು ಕಾಲ ಕಾಡಿತು.

17ನೆಯ ಶತಮಾನದ ಉತ್ತರಾರ್ಧದಲ್ಲಿ ಇಟಲಿಯ ಮಾಲ್ಪೀಗಿ, ಇಂಗ್ಲೆಂಡಿನ ಗ್ರೂ ಸೂಕ್ಷ್ಮದರ್ಶಕದಡಿ ಮರದ ನಾಳಗಳನ್ನು ಕಂಡು ಚಿತ್ರಿಸಿದರು. ಪಾದ್ರಿ ಸ್ಟೀಫನ್ ಹೇಲ್ಸ್ ಕುಂಡದ ಸೂರ್ಯಕಾಂತಿ ಗಿಡವನ್ನು ತೂಗಿ ತೂಗಿ, ಅದು ಆವಿಯಾಗಿ ಕಳೆದುಕೊಳ್ಳುವ ನೀರನ್ನು ಲೆಕ್ಕ ಹಾಕಿದ. ನೀರನ್ನು ಮೇಲಕ್ಕೆ ಸೆಳೆಯುವುದರಲ್ಲಿ ಎಲೆಯ ಪಾತ್ರವೇ ದೊಡ್ಡದೆಂಬ ಅವನ ವಿಚಾರ 1727ರಲ್ಲಿ ಪ್ರಕಟವಾಯಿತು.

ಕಾಂಡದ ಜೀವಕೋಶಗಳೇ ನೀರನ್ನು ಎತ್ತುತ್ತವೆಂಬ ನಂಬಿಕೆಗೆ ಬಲವಾದ ಪೆಟ್ಟು ಕೊಟ್ಟವನು ಬಾನ್ ನಗರದ ಎಡ್ವರ್ಡ್ ಸ್ಟ್ರಾಸ್‌ಬರ್ಗರ್. 1890ರ ದಶಕದ ಆರಂಭದಲ್ಲಿ ಅವನು 20 ಮೀಟರಿಗೂ ಎತ್ತರದ ಓಕ್ ಮರವನ್ನು ಬುಡದಲ್ಲಿ ಕತ್ತರಿಸಿ ಪಿಕ್ರಿಕ್ ಆಮ್ಲದಲ್ಲಿ ನಿಲ್ಲಿಸಿದ. ವಿಷ ಏರುತ್ತ ಹೋದಂತೆ ಕಾಂಡದ ಕೋಶಗಳು ಸತ್ತವು, ಆದರೂ ದ್ರವ ಏರುವುದು ನಿಲ್ಲಲಿಲ್ಲ. ಸಸ್ಯವಿಜ್ಞಾನದಲ್ಲಿ ಇಷ್ಟು ನೇರವಾದ ಪ್ರಯೋಗಗಳು ವಿರಳ.

ಕಾರಣವನ್ನು 1894ರಲ್ಲಿ ಡಬ್ಲಿನ್‌ನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ ಮುಂದಿಟ್ಟರು. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಎಲೆಯಿಂದ ನೀರು ಆವಿಯಾದಾಗ ಉಂಟಾಗುವ ಸೆಳೆತ, ಬಾವಿಯ ಹಗ್ಗವನ್ನು ಸೇದಿದಂತೆ, ಇಡೀ ಜಲಸ್ತಂಭವನ್ನು ಬೇರಿನಿಂದಲೇ ಎಳೆಯುತ್ತದೆ. ಇದಕ್ಕೆ ಮರ ತನ್ನ ಶಕ್ತಿಯನ್ನು ವ್ಯಯಿಸಬೇಕಿಲ್ಲ, ಬಿಸಿಲೇ ಸಾಕು.

ಇದನ್ನು ಒಪ್ಪದವರಲ್ಲಿ ಪ್ರಮುಖರು ಕೋಲ್ಕತ್ತದ ಜಗದೀಶಚಂದ್ರ ಬೋಸ್. ತೊಗಟೆಯ ಒಳಪದರದ ಜೀವಕೋಶಗಳು ಮಿಡಿಯುತ್ತ ರಸವನ್ನು ಏರಿಸುತ್ತವೆಂದು ಅವರು 1923ರ ಗ್ರಂಥದಲ್ಲಿ ವಾದಿಸಿದರು. ವಾದ ನಿಲ್ಲಲಿಲ್ಲ. ಗಿಡದ ಅತಿಸೂಕ್ಷ್ಮ ಚಲನೆಗಳನ್ನು ಅಳೆಯುವ ಉಪಕರಣಗಳನ್ನು ಕಟ್ಟಿದ ಅವರ ಹಿರಿಮೆಗೆ ಅದರಿಂದ ಕುಂದೇನೂ ಬಂದಿಲ್ಲ.

1965ರಲ್ಲಿ ವಿಜ್ಞಾನಿ ಶೋಲಾಂಡರ್ ಅವರ ತಂಡ ಎತ್ತರದ ಮರಗಳ ರೆಂಬೆಗಳನ್ನು ಬಂದೂಕಿನಿಂದ ಹೊಡೆದು ಕೆಡವಿ, ಒತ್ತಡ ಕೋಶವೆಂಬ ಉಪಕರಣದಲ್ಲಿಟ್ಟು ನೀರಿನ ಸೆಳೆತವನ್ನು ಅಳೆಯಿತು. ಮೇಲೆ ಹೋದಂತೆ ಸೆಳೆತ ಹೆಚ್ಚುತ್ತಿತ್ತು. ಬರಗಾಲದಲ್ಲಿ ಸೆಳೆತ ಮಿತಿಮೀರಿದರೆ ನಾಳದೊಳಗೆ ಗುಳ್ಳೆ ಮೂಡಿ ಜಲಸ್ತಂಭ ತುಂಡಾಗುತ್ತದೆ. ಎಷ್ಟೋ ಮರಗಳು ಒಣಗಿ ಸಾಯುವುದು ಹೀಗೆಯೇ. ರೆಡ್‌ವುಡ್ ಮರಗಳ ತುದಿಯಲ್ಲಿ ನಡೆಸಿದ ಅಳತೆಗಳ ಆಧಾರದ ಮೇಲೆ, ಮರವೊಂದು 122ರಿಂದ 130 ಮೀಟರಿಗಿಂತ ಎತ್ತರಕ್ಕೆ ಬೆಳೆಯಲಾರದೆಂದು 2004ರಲ್ಲಿ ಅಂದಾಜಿಸಲಾಯಿತು.