ಸಾವನದುರ್ಗ: ಕಲ್ಲು ಗಟ್ಟಿ, ಕಾವಲು?

ಕೈಲಾಂಚ, ರಾಮನಗರ, ಮಾಗಡಿಯ ಸೀಮೆಯಲ್ಲಿ ಎತ್ತ ತಿರುಗಿದರೂ ಬೋಳು ಬಂಡೆಗಳು. ಅವುಗಳಲ್ಲಿ ಹಲವು ಒಂದು ಕಾಲಕ್ಕೆ ಕೋಟೆಗಳಾಗಿದ್ದವು. ಮಾಗಡಿ ತಾಲೂಕಿನ ಸಾವನದುರ್ಗದಷ್ಟು ಭಯ ಹುಟ್ಟಿಸಿದ ಕೋಟೆ ಮಾತ್ರ ಇಲ್ಲಿ ಇನ್ನೊಂದಿರಲಿಲ್ಲ. 1226 ಮೀಟರ್ ಎತ್ತರದ ಈ ಬೆಟ್ಟಕ್ಕೆ ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರಗಳು. ನಡುವೆ ಆಳವಾದ ಕಂದರ.

'ಸಾವಿನ ದುರ್ಗ'ವೇ ಸಾವನದುರ್ಗವಾಯಿತೆಂದು ಜನ ಹೇಳುತ್ತಾರೆ. ಸುತ್ತಲಿನ ಬಿದಿರುಕಾಡಿನ ಜ್ವರ, ಕಾಲು ಜಾರಿದರೆ ಪಾತಾಳ. ಹೆಸರಿಗೆ ಇಷ್ಟು ಸಾಕಲ್ಲವೇ? ಆದರೆ ಹೊಯ್ಸಳ ಮೂರನೇ ಬಲ್ಲಾಳನ ಕಾಲದ, 1340ರ ಶಾಸನದಲ್ಲೇ 'ಸಾವಂದಿ' ಎಂಬ ಹೆಸರಿದೆ. 1543ರಲ್ಲಿ ವಿಜಯನಗರದ ಅಧಿಕಾರಿ ಸಾಮಂತರಾಯ ಕೋಟೆ ಕಟ್ಟಿಸಿ 'ಸಾಮಂತದುರ್ಗ' ಎಂದು ಕರೆದ. ಬಳಿಕ ಇದು ಕೆಂಪೇಗೌಡರ ವಂಶಕ್ಕೆ ಸೇರಿತು. 1728ರಲ್ಲಿ ಮೈಸೂರಿನವರು ಮಾಗಡಿಯನ್ನು ಗೆದ್ದಾಗ ಆ ವಂಶದ ಕೊನೆಯ ದೊರೆ ಶ್ರೀರಂಗಪಟ್ಟಣದಲ್ಲಿ ಸೆರೆಯಾದ.

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಆಹಾರವಿಲ್ಲದೆ, ಎತ್ತುಗಳು ಸತ್ತು, ತನ್ನ ಭಾರೀ ಫಿರಂಗಿಗಳನ್ನು ತಾನೇ ನಾಶಮಾಡಿ ಶ್ರೀರಂಗಪಟ್ಟಣದಿಂದ ಹಿಂದೆ ಸರಿದಿದ್ದ. ಮತ್ತೆ ಬರಬೇಕಾದರೆ ಬೆಂಗಳೂರಿನಿಂದ ದವಸ ಬರುವ ದಾರಿ ಸುರಕ್ಷಿತವಾಗಿರಬೇಕು. ಆ ದಾರಿಯ ಮಗ್ಗುಲಲ್ಲೇ ಟಿಪ್ಪುವಿನ ಈ ಕೋಟೆ. ಮುತ್ತಿಗೆಯ ಸುದ್ದಿ ಕೇಳಿದ ಸುಲ್ತಾನ, ಅರ್ಧ ಸೈನ್ಯವನ್ನು ಜ್ವರ ತಿನ್ನುತ್ತದೆ, ಉಳಿದರ್ಧವನ್ನು ನಮ್ಮ ಕತ್ತಿ ನೋಡಿಕೊಳ್ಳುತ್ತದೆ ಎಂದು ಸಂತೋಷಪಟ್ಟನೆಂಬ ಕತೆಯಿದೆ. ಈ ಕತೆಯನ್ನು ನಮಗೆ ದಾಟಿಸಿದವರು ಇಂಗ್ಲಿಷರು ಎಂಬುದನ್ನೂ ನೆನಪಿಡಬೇಕು.

ಕಾಡು ಕಡಿದು, ಬಂಡೆಗಳ ಮೇಲೆ ಫಿರಂಗಿ ಎಳೆದು, ಡಿಸೆಂಬರ್ 17ರಂದು ಅವರು ಗುಂಡಿನ ದಾಳಿ ಆರಂಭಿಸಿದರು. 21ರಂದು ಗೋಡೆಯ ಬಿರುಕಿನಿಂದ ನುಗ್ಗಿದರು. ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು. ಒಂದು ಶಿಖರ ಬಿದ್ದರೆ ಇನ್ನೊಂದು ಉಳಿಯುತ್ತದೆ ಎಂಬುದೇ ಈ ಕೋಟೆಯ ಧೈರ್ಯ. ಆದರೆ ಕಾವಲಿನವರು ಗಾಬರಿಯಿಂದ ಆಸರೆಯ ಬಾಗಿಲಿಗೆ ಓಡಿದಾಗ ಬೆನ್ನಟ್ಟಿದವರೂ ಅವರ ಜೊತೆಗೇ ಒಳಹೊಕ್ಕರು. ಬಂಡೆ ಕಾಯುತ್ತದೆಂದು ನಂಬಿದವರು ಬಂಡೆಯನ್ನು ಕಾಯುವುದನ್ನು ಮರೆತರೆಂದೇ ನನಗೆ ತೋರುತ್ತದೆ.

ದಾಳಿಯಲ್ಲಿ ಬ್ರಿಟಿಷರ ಕಡೆ ಒಬ್ಬನೂ ಸಾಯಲಿಲ್ಲ. ಕೋಟೆಯೊಳಗಿನ ನೂರಕ್ಕೂ ಹೆಚ್ಚು ಮಂದಿ ಸತ್ತರು. ಹಲವರು ಪ್ರಪಾತಕ್ಕೆ ಉರುಳಿದರು. ಏರುವಾಗ ತಮ್ಮ ಬ್ಯಾಂಡು ಯಾವ ಹಾಡು ನುಡಿಸಿತೆಂಬುದನ್ನೂ ಗೆದ್ದವರು ಬರೆದಿಟ್ಟಿದ್ದಾರೆ. ಸತ್ತ ನಮ್ಮವರು ಅವರ ಬರಹದಲ್ಲಿ ಬರೀ ಸಂಖ್ಯೆ.

ಸಾವನದುರ್ಗದ ಗತಿ ಕಂಡು ರಾಮಗಿರಿ, ಶಿವನಗಿರಿಗಳು ಶರಣಾದವು. ಡಿಸೆಂಬರ್ 24ರಂದು ಹುತ್ರಿದುರ್ಗವೂ ಬಿತ್ತು. ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಮತ್ತೆ ಶ್ರೀರಂಗಪಟ್ಟಣದ ಮುಂದೆ ನಿಂತಿದ್ದ. ಮಾರ್ಚ್ ಮುಗಿಯುವುದರೊಳಗೆ ಟಿಪ್ಪುವಿನ ಅರ್ಧ ರಾಜ್ಯವೂ ಇಬ್ಬರು ಎಳೆಯ ಮಕ್ಕಳೂ ಅವನ ಕೈಸೇರಿದ್ದರು.