ಹತ್ತು ನಿಮಿಷದ ವಾರ್ತೆ

ಶಿರಾ ಪೇಟೆಗೆ ಉರ್ದು ಹೊಸ ನುಡಿಯಲ್ಲ. 1687ರಲ್ಲಿ ಮೊಗಲರ ಕೈಸೇರಿ ಸುಬಾದ ರಾಜಧಾನಿಯಾದಂದಿನಿಂದ ಅದು ಅಲ್ಲಿ ಕನ್ನಡದ ಪಕ್ಕದಲ್ಲೇ ಬದುಕಿದೆ. ಬಹುಪಾಲು ಆಂಧ್ರದ ನೆಲವೇ ಸುತ್ತುವರಿದ ಪಾವಗಡದಲ್ಲಿ ತೆಲುಗು ಅನೇಕರ ಮನೆಮಾತು. ಮಧುಗಿರಿ, ಕೊರಟಗೆರೆ ಸಂತೆಗಳಲ್ಲಿ ಮೂರೂ ಕಿವಿಗೆ ಬೀಳುತ್ತವೆ. ಇಂಥ ಸೀಮೆಯವರಿಗೆ 1994ರ ಬೆಂಗಳೂರು ಗಲಭೆ ವಿಚಿತ್ರವಾಗಿಯೇ ಕಂಡಿರಬೇಕು.

ಆ ವರ್ಷದ ಗಾಂಧಿ ಜಯಂತಿಯಂದು ಬೆಂಗಳೂರು ದೂರದರ್ಶನ 10 ನಿಮಿಷಗಳ ಉರ್ದು ವಾರ್ತೆ ಆರಂಭಿಸಿತು. ವಿಧಾನಸಭೆ ಚುನಾವಣೆಗೆ ಎರಡು ತಿಂಗಳೂ ಇರಲಿಲ್ಲ. ದೆಹಲಿಯಲ್ಲೂ ರಾಜ್ಯದಲ್ಲೂ ಕಾಂಗ್ರೆಸ್ ಸರ್ಕಾರ. ಇದು ಮತಕ್ಕೆ ಹಾಕಿದ ಗಾಳ ಎಂದು ಕೆಲವರು, ಕನ್ನಡದ ಜಾಗ ಹೋಯಿತೆಂದು ಕೆಲವರು ಬೀದಿಗಿಳಿದರು. ಪ್ರತಿಭಟನೆ ಕೋಮುಗಲಭೆಯಾಗಿ 20ಕ್ಕೂ ಹೆಚ್ಚು ಜೀವ ಹೋಯಿತು. ವಾರ್ತೆ ನಿಂತಿತು.

ಆಕಾಶವಾಣಿಯ ಉರ್ದು ವಾರ್ತೆ ಎಷ್ಟೋ ವರ್ಷಗಳಿಂದ ದೆಹಲಿಯಿಂದ ಬರುತ್ತಿತ್ತು. ಅದಕ್ಕಾಗಿ ಇಲ್ಲಿ ಯಾರೂ ಕಲ್ಲೆತ್ತಿರಲಿಲ್ಲ. ಹಾಗಾದರೆ ಸಿಟ್ಟು ಬರೀ ಭಾಷೆಯ ಮೇಲಿತ್ತೆ? ದೂರದರ್ಶನ ಆಗ ವಾರ್ತಾ ಸಚಿವಾಲಯದ ಒಂದು ಅಂಗ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಹತ್ಯೆಯ ಸುದ್ದಿಯನ್ನು ಬಿಬಿಸಿ ಹೇಳಿದ ಎಷ್ಟೋ ಗಂಟೆಗಳ ಮೇಲೆ, ಸಂಜೆಗೆ, ಸರ್ಕಾರಿ ಪ್ರಸಾರ ಬಾಯಿಬಿಟ್ಟಿತ್ತು. ಅಂಥ ಪರದೆ ಒಳ್ಳೆಯದನ್ನೇ ತೋರಿಸಿದರೂ ಜನ ಅದರ ಹಿಂದೆ ಯಾರ ಅಪ್ಪಣೆಯಿದೆ ಎಂದು ಹುಡುಕುತ್ತಿದ್ದರು. ಶಿರಾದಂಥ ಊರುಗಳ ಉರ್ದು ಮನೆಗಳಿಗೆ ಸಲ್ಲಬೇಕಿದ್ದ ಒಂದು ಸಾಮಾನ್ಯ ಸೌಕರ್ಯ ಆ ಅನುಮಾನಕ್ಕೆ ಬಲಿಯಾಯಿತು. ದೂರದರ್ಶನಕ್ಕೆ ಸ್ವಾಯತ್ತತೆ ಕೊಡುವ ಪ್ರಸಾರ ಭಾರತಿ ಕಾಯ್ದೆಗೆ ಸಂಸತ್ತು 1990ರಲ್ಲೇ ಒಪ್ಪಿಗೆ ನೀಡಿತ್ತು. ಅದು ಜಾರಿಗೆ ಬಂದದ್ದು ಗಲಭೆ ಮುಗಿದು ಮೂರು ವರ್ಷವಾದ ಮೇಲೆ, 1997ರಲ್ಲಿ.